ಈ ಹುಡುಗನನ್ನು ನಾನು ಬಲ್ಲೆ

ಏನೂ ಬರೆಯದೆ ತಿಂಗಳುಗಳೇ ಕಳೆದವು. ಕಾರಣ ಸೋಮಾರಿತನ, ಬೇರೇನಲ್ಲ. ಈಗ ಕೀಬೋರ್ಡಿನ ಮುಂದೆ ಕೂರಿಸಿದ್ದು ಒಂದು ಇ-ಮೇಲ್.

ನನ್ನ ಹಳೆಯ ವಿದ್ಯಾರ್ಥಿನಿ ಒಬ್ಬಳು ಅಮೆರಿಕದಲ್ಲಿ ಅರ್ಥಶಾಸ್ತ್ರದ ಪಿಎಚ್.ಡಿ.ಗೆ ಅರ್ಜಿ ಹಾಕುತ್ತಿದ್ದಾಳೆ. ಮೂರು ಶಿಫಾರಸು ಪತ್ರ ಬೇಕು. ಎರಡು ಸಿಕ್ಕಿವೆ, ಮೂರನೆಯದನ್ನು ನೀವು ಬರೆದುಕೊಡಿ ಸಾರ್ ಅಂತ ಕೇಳಿದ್ದಳು. ಆಯ್ತಮ್ಮ ಅಂದುಬಿಟ್ಟೆ. ಎರಡು ದಿನದಲ್ಲಿ ಒಂಬತ್ತು ವಿಶ್ವವಿದ್ಯಾಲಯಗಳಿಂದ ಒಂಬತ್ತು ಲಿಂಕ್ ಬಂದವು. ತೆರೆದು ನೋಡಿದರೆ ಮೊದಲು ಪತ್ರವೇ ಇಲ್ಲ, ಒಂದು ಪಟ್ಟಿ. ನೀವು ಇದುವರೆಗೆ ಕಂಡ ವಿದ್ಯಾರ್ಥಿಗಳಲ್ಲಿ ಈಕೆ ಮೇಲಿನ ನೂರಕ್ಕೆ ಒಬ್ಬರಲ್ಲಿ ಬರುತ್ತಾಳೋ, ಐವರಲ್ಲೋ, ಹತ್ತು ಜನರಲ್ಲೋ? ಯಾವ ಗುಂಪಿನೊಂದಿಗೆ ಹೋಲಿಸಿ ಹೇಳುತ್ತಿದ್ದೀರಿ? ನಿಮ್ಮ ವಿದ್ಯಾರ್ಥಿಗಳಲ್ಲಿ ಈ ಹಿಂದೆ ಇಂಥ ಕಡೆ ಪಿಎಚ್.ಡಿ.ಗೆ ಹೋದವರು ಯಾರು?

ಯಾರೂ ಇಲ್ಲ. ನಮ್ಮ ಕಾಲೇಜು ತುಮಕೂರು ಜಿಲ್ಲೆಯ ಒಂದು ಊರಿನ ಡಿಗ್ರಿ ಕಾಲೇಜು. ಹೋದವರಲ್ಲಿ ಮೊದಲನೆಯವಳು, ಹೋದರೆ, ಇವಳೇ. ಒಬ್ಬರಲ್ಲಿ ಒಬ್ಬಳು ನೂರಕ್ಕೆ ಎಷ್ಟಾಯಿತು ಅಂತ ಲೆಕ್ಕ ಹಾಕುತ್ತಾ ಕೂತೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಇಪ್ಪತ್ತು ವರ್ಷದ ಹಿಂದೆ ನನಗೂ ಒಬ್ಬರು ಪತ್ರ ಬರೆದುಕೊಟ್ಟಿದ್ದರು. ಆ ಕಥೆಗೆ ಆಮೇಲೆ ಬರುತ್ತೇನೆ. ಅದಕ್ಕಿಂತ ಮುಂಚೆ, ನಮ್ಮ ಕಡೆಯಿಂದ ಅರ್ಥಶಾಸ್ತ್ರ ಓದೋಕೆ ಸಮುದ್ರ ದಾಟಿದವರು ಹೇಗೆ ದಾಟಿದರು, ಅವರನ್ನು ನಾನು ಬಲ್ಲೆ ಅಂತ ಹೇಳಿದವರು ಯಾರು ಅಂತ ಹುಡುಕುತ್ತಾ ಹೋದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಶುರು ಮಾಡಬೇಕಾದ್ದು ಅಂಬೇಡ್ಕರ್ ಅವರಿಂದಲೇ. ನಮ್ಮಲ್ಲಿ ಅಂಬೇಡ್ಕರ್ ಅಂದರೆ ಸಂವಿಧಾನ, ಕಾನೂನು. ಅವರು ಕಲಿಕೆಯಿಂದ ಮೊದಲು ಅರ್ಥಶಾಸ್ತ್ರಜ್ಞ ಅನ್ನೋದು ನನ್ನ ಬಿ.ಎ. ವಿದ್ಯಾರ್ಥಿಗಳಿಗೆ ಪ್ರತಿ ವರ್ಷವೂ ಹೊಸ ಸುದ್ದಿ. ಅವರ ಕೊಲಂಬಿಯಾ ದಿನಗಳ ಬಗ್ಗೆ ಸಾಕಷ್ಟು ಬರಹಗಳಿವೆ. ಆದರೆ ಅಲ್ಲಿಗೆ ಹೋಗುವ ದಾರಿಯನ್ನು ಒಬ್ಬ ಅರ್ಜಿದಾರನ ಕಣ್ಣಿನಿಂದ ನೋಡಿದರೆ ಬೇರೆಯೇ ಕಾಣುತ್ತದೆ.

ಮುಂಬಯಿಯಲ್ಲಿ ಕೃಷ್ಣಾಜಿ ಅರ್ಜುನ ಕೇಳುಸ್ಕರ್ ಅಂತ ಒಬ್ಬ ಮೇಷ್ಟರು, ಮರಾಠಿ ಲೇಖಕರು. ಓದುವ ಹುಡುಗ ಭೀಮರಾವ್ ಅವರ ಕಣ್ಣಿಗೆ ಬಿದ್ದ. ಮುಂದೆ ಕಾಲೇಜಿಗೆ ದುಡ್ಡಿಲ್ಲ ಎಂದಾದಾಗ ಬರೋಡಾದ ಮಹಾರಾಜ ಸಯಾಜಿರಾವ್ ಗಾಯಕವಾಡರ ಬಳಿ ಕರೆದೊಯ್ದವರು ಇವರೇ. ತಿಂಗಳಿಗೆ 25 ರೂಪಾಯಿ ಸಿಕ್ಕಿತು. ಎಲ್ಫಿನ್‌ಸ್ಟನ್ ಕಾಲೇಜಿನಿಂದ 1912ರಲ್ಲಿ ಬಿ.ಎ. ಆಯಿತು. 1913ರಲ್ಲಿ ಬರೋಡಾ ಸಂಸ್ಥಾನ ವಿದೇಶದಲ್ಲಿ ಓದಲು ವಿದ್ಯಾರ್ಥಿವೇತನ ಕೊಟ್ಟಿತು: ತಿಂಗಳಿಗೆ ಹನ್ನೊಂದೂವರೆ ಪೌಂಡ್, ಮೂರು ವರ್ಷ. ಓದು ಮುಗಿಸಿ ಬಂದು ಹತ್ತು ವರ್ಷ ಸಂಸ್ಥಾನದ ಕೆಲಸ ಮಾಡುತ್ತೇನೆ ಅಂತ ಕರಾರಿಗೆ ಸಹಿ ಹಾಕಬೇಕಿತ್ತು. ಹಾಕಿದರು. ಆ ಜುಲೈನಲ್ಲಿ ನ್ಯೂಯಾರ್ಕಿನಲ್ಲಿ ಇಳಿದಾಗ ವಯಸ್ಸು 22.

ಗಮನಿಸಿ, ಇಲ್ಲಿ ಯಾವ ಪ್ರವೇಶ ಪರೀಕ್ಷೆಯೂ ಇಲ್ಲ. ಆದರೆ ಒಂದು ಸರಪಳಿ ಇದೆ. ಒಬ್ಬ ಮೇಷ್ಟರು ಹುಡುಗನನ್ನು ಬಲ್ಲರು, ಆ ಮೇಷ್ಟರ ಮಾತನ್ನು ಮಹಾರಾಜರು ಕೇಳುತ್ತಾರೆ, ಮಹಾರಾಜರ ದುಡ್ಡನ್ನು ಕೊಲಂಬಿಯಾ ಒಪ್ಪಿಕೊಳ್ಳುತ್ತದೆ. ಒಂದು ಕೊಂಡಿ ಕಳಚಿದ್ದರೂ ಹಡಗು ಹತ್ತುವುದು ಇರಲಿಲ್ಲ.

ಕೊಲಂಬಿಯಾದಲ್ಲಿ ಅವರು ತೆಗೆದುಕೊಂಡ ಕೋರ್ಸುಗಳ ಲೆಕ್ಕವನ್ನು ಸಂಶೋಧಕರು ತೆಗೆದಿದ್ದಾರೆ. ಸುಮಾರು 60ರಲ್ಲಿ 29 ಅರ್ಥಶಾಸ್ತ್ರದವೇ. ಉಳಿದವು ಇತಿಹಾಸ, ಸಮಾಜಶಾಸ್ತ್ರ, ತತ್ವಶಾಸ್ತ್ರ, ಮಾನವಶಾಸ್ತ್ರ, ಒಂದೊಂದು ಫ್ರೆಂಚ್ ಮತ್ತು ಜರ್ಮನ್ ಕೂಡ. ಮೂರು ವರ್ಷಕ್ಕೆ ಎಷ್ಟು ಸಾಧ್ಯವೋ ಅಷ್ಟನ್ನೂ ಬಾಚಿಕೊಂಡಿದ್ದು. 1915ರಲ್ಲಿ ಎಂ.ಎ. ಮುಗಿಯಿತು. ಸಾರ್ವಜನಿಕ ಹಣಕಾಸಿನ ದೊಡ್ಡ ವಿದ್ವಾಂಸ ಎಡ್ವಿನ್ ಸೆಲಿಗ್ಮನ್ ಗುರುಗಳಾದರು. 1916ರಲ್ಲಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಸೇರಿದರು. ಅಲ್ಲಿನವರಿಗೆ ಪತ್ರ ಬರೆದು ಶಿಫಾರಸು ಮಾಡಿದವರು ಇದೇ ಸೆಲಿಗ್ಮನ್. ಅಂದರೆ ಮಹಾರಾಜರ ಜಾಗಕ್ಕೆ ಈಗ ಪ್ರೊಫೆಸರ್ ಬಂದಿದ್ದರು.

ಆದರೆ ದುಡ್ಡು ಇನ್ನೂ ಮಹಾರಾಜರದೇ ಆಗಿತ್ತು. ವಿದ್ಯಾರ್ಥಿವೇತನದ ಅವಧಿ ಮುಗಿದು 1917ರಲ್ಲಿ ಓದು ಅರ್ಧಕ್ಕೇ ಬಿಟ್ಟು ವಾಪಸ್ ಬರಬೇಕಾಯಿತು. ಮಹಾಯುದ್ಧದ ಕಾಲ. ಅವರ ಪೆಟ್ಟಿಗೆಗಳು ಬೇರೆ ಹಡಗಿನಲ್ಲಿದ್ದವು. ಆ ಹಡಗು ಟಾರ್ಪಿಡೋಗೆ ಸಿಕ್ಕಿ ಮುಳುಗಿತು, ಪುಸ್ತಕ, ಬರೆದ ಕಾಗದ ಎಲ್ಲ ಹೋಯಿತು. (ಪೆನ್‌ಡ್ರೈವ್ ಕಳಕೊಂಡು ಅಳುವ ನನ್ನ ಎಂ.ಎ. ಹುಡುಗರಿಗೆ ಇದನ್ನು ಹೇಳುತ್ತಿರುತ್ತೇನೆ.)

ಕರಾರಿನಂತೆ ಬರೋಡಾಕ್ಕೆ ಹೋದರು. ಕೊಲಂಬಿಯಾದ ಎಂ.ಎ., ಲಂಡನ್ನಿನ ಓದು ಎಲ್ಲ ಇದ್ದ ಆ ಅಧಿಕಾರಿಗೆ ಊರಿನಲ್ಲಿ ಬಾಡಿಗೆಗೆ ಒಂದು ಕೋಣೆ ಸಿಗಲಿಲ್ಲ. ಪಾರ್ಸಿ ವಸತಿಗೃಹದಲ್ಲಿ ಪಾರ್ಸಿ ಹೆಸರಿಟ್ಟುಕೊಂಡು ಇದ್ದರು. ಹನ್ನೊಂದನೇ ದಿನ ದೊಣ್ಣೆ ಹಿಡಿದ ಗುಂಪು ಬಂದು ಹೊರಗೆ ಹಾಕಿತು. ಇದನ್ನು ಅವರೇ ಬರೆದಿದ್ದಾರೆ. ಆ ಪುಟ್ಟ ಬರಹಕ್ಕೆ 'ವೇಯ್ಟಿಂಗ್ ಫಾರ್ ಎ ವೀಸಾ' ಅಂತ ಹೆಸರು. ವಿದೇಶದ ವೀಸಾ ಬಗ್ಗೆ ಅದರಲ್ಲಿ ಏನೂ ಇಲ್ಲ, ಇರುವುದೆಲ್ಲ ನಮ್ಮ ಊರು, ನಮ್ಮ ಬಾವಿ, ನಮ್ಮ ಛತ್ರಗಳ ಬಾಗಿಲಿನ ಬಗ್ಗೆ. ವೀಸಾ ಸಿಗಲಿಲ್ಲ ಅಂತ ಚೆನ್ನೈ ಕಾನ್ಸುಲೇಟಿನ ಎದುರು ಕಣ್ಣೀರು ಹಾಕುವವರನ್ನು ನೋಡಿದಾಗೆಲ್ಲ ನನಗೆ ಈ ಶೀರ್ಷಿಕೆ ನೆನಪಾಗುತ್ತದೆ.

ಆಮೇಲೆ ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪಾಠ ಮಾಡಿ ದುಡ್ಡು ಉಳಿಸಿದರು. ಕೊಲ್ಹಾಪುರದ ಶಾಹೂ ಮಹಾರಾಜರು ನೆರವಾದರು. ನ್ಯೂಯಾರ್ಕಿನಿಂದ ಜೊತೆಗಿದ್ದ ಗೆಳೆಯ ನವಲ್ ಭಥೇನಾ 5,000 ರೂಪಾಯಿ ಸಾಲ ಕೊಟ್ಟರು. 1920ರಲ್ಲಿ ಮತ್ತೆ ಲಂಡನ್. ಇವರು ಗೆಲ್ಲುವುದಕ್ಕೆ ನಮ್ಮಲ್ಲಿ ಇನ್ನೇನೂ ಉಳಿದಿಲ್ಲವಲ್ಲ ಎಂಬರ್ಥದಲ್ಲಿ ಅಲ್ಲಿನ ಪ್ರೊಫೆಸರ್ ಫಾಕ್ಸ್‌ವೆಲ್ ಆ ವರ್ಷ ಕಚೇರಿಗೆ ಬರೆದ ಪತ್ರ ಉಳಿದುಕೊಂಡಿದೆ. 1921ರಲ್ಲಿ ಎಂ.ಎಸ್ಸಿ., 1923ರಲ್ಲಿ ಡಿ.ಎಸ್ಸಿ. ಡಿ.ಎಸ್ಸಿ. ಪ್ರಬಂಧವನ್ನು ಮೊದಲ ಸಲ ಪರೀಕ್ಷಕರು ಒಪ್ಪಲಿಲ್ಲ, ತಿದ್ದಿ ಕೊಡಿ ಅಂದರು. ಅದೇ 'ದಿ ಪ್ರಾಬ್ಲಂ ಆಫ್ ದಿ ರುಪೀ'. ಕೊಲಂಬಿಯಾದ ಪಿಎಚ್.ಡಿ. ಕೈಗೆ ಬಂದದ್ದು 1927ರಲ್ಲಿ, ಪ್ರಾಂತೀಯ ಹಣಕಾಸಿನ ಬಗ್ಗೆ ಬರೆದ ಪ್ರಬಂಧ ಪುಸ್ತಕವಾಗಿ ಅಚ್ಚಾದ ಮೇಲೆ. ನ್ಯೂಯಾರ್ಕಿನಲ್ಲಿ ಇಳಿದು ಹದಿನಾಲ್ಕು ವರ್ಷ!

ಈ ಕಥೆಯಲ್ಲಿ ನನಗೆ ಬಹಳ ಇಷ್ಟದ ತುಣುಕು ಒಂದಿದೆ. ರೂಪಾಯಿಯ ಪುಸ್ತಕಕ್ಕೆ ಮುನ್ನುಡಿ ಬರೆದವರು ಅವರ ಲಂಡನ್ ಗುರು ಎಡ್ವಿನ್ ಕ್ಯಾನನ್. ಮುನ್ನುಡಿಯಲ್ಲೇ ಅವರು, ಈತನ ಟೀಕೆಗಳಲ್ಲಿ ಬಹಳಷ್ಟನ್ನು ನಾನು ಒಪ್ಪುವುದಿಲ್ಲ, ಆದರೆ ವಾದದಲ್ಲಿ ಹೊಸತನ ಇದೆ ಎಂಬ ಧಾಟಿಯಲ್ಲಿ ಹೇಳುತ್ತಾರೆ. ಒಪ್ಪದೆಯೂ ಬೆನ್ನಿಗೆ ನಿಲ್ಲುವ ಶಿಫಾರಸು. ನಮ್ಮಲ್ಲಿ 'ವಿಧೇಯ ವಿದ್ಯಾರ್ಥಿ' ಅಂತ ಬರೆದುಕೊಡುತ್ತೇವೆ, ಅದಕ್ಕೆ ತದ್ವಿರುದ್ಧ ಇದು.

* * *

ಆಗಿನ ಕಾಲಕ್ಕೆ ಅಮೆರಿಕಕ್ಕೆ ಹೋದವರು ಕಡಿಮೆ. ಬ್ರಿಟಿಷ್ ಪ್ರಜೆಗಳಾಗಿದ್ದ ನಮ್ಮವರಿಗೆ ಓದು ಅಂದರೆ ಲಂಡನ್, ಕೇಂಬ್ರಿಡ್ಜ್, ಆಕ್ಸ್‌ಫರ್ಡ್. ಆಗಿನ ದಕ್ಷಿಣ ಕನ್ನಡ ಜಿಲ್ಲೆಯ ಬೆಳ್ಳಿಕೋತಿನಲ್ಲಿ 1905ರಲ್ಲಿ ಹುಟ್ಟಿದ ಬಿ.ಆರ್. ಶೆಣೈ ಕಾಶಿಯಲ್ಲಿ ಓದಿ ಲಂಡನ್ ಸ್ಕೂಲಿಗೆ ಹೋದರು. ಅಲ್ಲಿ ಹಯೆಕ್ ಅವರ ಉಪನ್ಯಾಸ ಕೇಳಿದವರು, ಮುಂದೆ ಎರಡನೇ ಪಂಚವಾರ್ಷಿಕ ಯೋಜನೆಯನ್ನು ಒಬ್ಬರೇ ವಿರೋಧಿಸಿ ಹೆಸರಾದವರು. ವಿ.ಕೆ.ಆರ್.ವಿ. ರಾವ್ ಕೇಂಬ್ರಿಡ್ಜಿಗೆ ಹೋಗಿ, ಭಾರತದ ರಾಷ್ಟ್ರೀಯ ಆದಾಯದ ಮೇಲೆ ಕೆಲಸ ಮಾಡಿ 1937ರಲ್ಲಿ ಪಿಎಚ್.ಡಿ. ಪಡೆದರು. ಬಳ್ಳಾರಿಯ ಸಂಸದರಾಗಿದ್ದ, ಬೆಂಗಳೂರಿನಲ್ಲಿ 1972ರಲ್ಲಿ ಐಸೆಕ್ ಕಟ್ಟಿದ ರಾವ್ ಅವರೇ ಇವರು. ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಕಟ್ಟಿದ್ದೂ ಅವರೇ, 1949ರಲ್ಲಿ. ಈ ದೆಹಲಿ ಸ್ಕೂಲಿನ ವಿಷಯ ಮುಂದೆ ಮತ್ತೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಅಮರ್ತ್ಯ ಸೇನ್ ಅವರದ್ದೂ ಒಂದು ಹೇಳಿಬಿಡುತ್ತೇನೆ, ಅದು ಎರಡನೇ ಬಿ.ಎ.ಗೆ ಹಾಕಿದ ಅರ್ಜಿಯೇ ಆದರೂ. ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಿಂದ ಕೇಂಬ್ರಿಡ್ಜಿನ ಟ್ರಿನಿಟಿಗೆ ಅರ್ಜಿ ಹಾಕಿದರು. ಟ್ರಿನಿಟಿ ಮೊದಲು ಇಲ್ಲ ಅಂದಿತು. ಆಯ್ಕೆಯಾದವರು ಯಾರೋ ಬಿಟ್ಟುಹೋದ ಮೇಲೆ, 1953ರ ತರಗತಿಗಳು ಶುರುವಾಗುವ ಸ್ವಲ್ಪ ಮುಂಚೆ, ಬೇಗ ಬರುವುದಾದರೆ ಬಾ ಅಂತ ಸುದ್ದಿ ಬಂತು. ಅಪ್ಪ ತಮ್ಮ ಉಳಿತಾಯ ಎಣಿಸಿ ಮೂರು ವರ್ಷಕ್ಕೆ ಹೇಗೋ ಸಾಲುತ್ತದೆ ಅಂತ ಲೆಕ್ಕ ಹಾಕಿ ಹಡಗು ಹತ್ತಿಸಿದರು. 2021ರಲ್ಲಿ ಬಂದ ತಮ್ಮ ಆತ್ಮಕಥೆಯಲ್ಲಿ ಸೇನ್ ಇದನ್ನು ಬರೆದುಕೊಂಡಿದ್ದಾರೆ. ಮುಂದೆ 1998ರಲ್ಲಿ ನೊಬೆಲ್, ಅದೇ ವರ್ಷ ಅದೇ ಟ್ರಿನಿಟಿಯ ಮಾಸ್ಟರ್. ವೇಯ್ಟ್ ಲಿಸ್ಟಿನಲ್ಲಿ ಇರುವ ಎಲ್ಲರಿಗೂ ಈ ಕಥೆ ಹೇಳಬೇಕು. ಆದರೆ ಅಪ್ಪನ ಉಳಿತಾಯದ ವಾಕ್ಯವನ್ನು ನುಂಗದೆ ಹೇಳಬೇಕು.

ಎರಡನೇ ಮಹಾಯುದ್ಧದ ನಂತರ ಅರ್ಥಶಾಸ್ತ್ರದ ಕೇಂದ್ರ ಅಟ್ಲಾಂಟಿಕ್ ದಾಟಿ ಅಮೆರಿಕಕ್ಕೆ ಹೋಯಿತು. ನಮ್ಮ ಅರ್ಜಿಗಳೂ ಹಿಂದೆಯೇ ಹೋದವು. ಹಾಗಂತ ಅಮೆರಿಕ ಕೈಬೀಸಿ ಕರೆಯುತ್ತಿದ್ದ ದೇಶವೇನಲ್ಲ. 1924ರ ಕಾನೂನಿನಲ್ಲಿ ಭಾರತೀಯರು ಅಲ್ಲಿಗೆ ವಲಸೆ ಹೋಗುವಂತೆಯೇ ಇರಲಿಲ್ಲ. ಓದು ಮುಗಿಸಿ ಹಿಂತಿರುಗುವ ವಿದ್ಯಾರ್ಥಿಗಳಿಗೆ ಮಾತ್ರ ಬೇರೆ ಬಾಗಿಲು. 1946ರಲ್ಲಿ ವಲಸೆಗೆ ಅವಕಾಶ ಕೊಟ್ಟರು, ವರ್ಷಕ್ಕೆ ನೂರು ಜನಕ್ಕೆ! 1950ರಲ್ಲಿ ಫುಲ್‌ಬ್ರೈಟ್ ಒಪ್ಪಂದ ಆಯಿತು. 1951ರಲ್ಲಿ ನಮಗೆ ಗೋಧಿ ಕೊಳ್ಳಲು ಅಮೆರಿಕ 19 ಕೋಟಿ ಡಾಲರ್ ಸಾಲ ಕೊಟ್ಟಿತಲ್ಲ, ಅದರ ಬಡ್ಡಿಯಲ್ಲಿ ಒಂದು ಪಾಲನ್ನು ಪುಸ್ತಕ ಮತ್ತು ವಿದ್ವಾಂಸರ ವಿನಿಮಯಕ್ಕೆ ಎತ್ತಿಟ್ಟರು. ಬರಗಾಲದ ಗೋಧಿಯ ಬಡ್ಡಿಯಲ್ಲೂ ಓದಿಗೆ ಒಂದು ಪಾಲು, ಯೋಚಿಸಿ.

ಈ ಹೊತ್ತಿಗೆ ಪರೀಕ್ಷೆಗಳೂ ಬಂದಿದ್ದವು. ಜಿ.ಆರ್.ಇ. ಹುಟ್ಟಿದ್ದು 1930ರ ದಶಕದಲ್ಲಿ, ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಕೊಲಂಬಿಯಾ ನಾಲ್ಕೂ ಸೇರಿ ಮಾಡಿದ ಒಂದು ಪ್ರಯೋಗವಾಗಿ. 1947ರಲ್ಲಿ ಹುಟ್ಟಿದ ಇ.ಟಿ.ಎಸ್. ಅದನ್ನು ವಹಿಸಿಕೊಂಡಿತು. 1964ರಿಂದ ಟೋಫೆಲ್ ಕೂಡ ಸೇರಿಕೊಂಡಿತು. ಪರೀಕ್ಷೆ ಅಂದರೆ ನಮಗೆಲ್ಲ ಸಿಟ್ಟು. ಆದರೆ ಪರಿಚಯದ ಸರಪಳಿ ಇಲ್ಲದವನಿಗೆ ಪರೀಕ್ಷೆಯೇ ಒಂದು ಪತ್ರ. ಯಾರೂ ನನ್ನನ್ನು ಬಲ್ಲೆ ಎನ್ನದಿದ್ದರೂ 800ಕ್ಕೆ 800 ತೆಗೆದ ಅಂಕ ಹೇಳೀತು ಅನ್ನೋ ಆಸೆ. ಅರ್ಥಶಾಸ್ತ್ರದ ಮಟ್ಟಿಗೆ ಈ ಆಸೆ ಫಲಿಸಿದ್ದು ಕಡಿಮೆ. ಯಾಕೆಂದರೆ ಎಲ್ಲರೂ 800 ತೆಗೆಯುತ್ತಿದ್ದರು! 2011ರಲ್ಲಿ ಅಂಕದ ಲೆಕ್ಕ 170ಕ್ಕೆ ಬದಲಾಯಿತು, ಕಥೆ ಬದಲಾಗಲಿಲ್ಲ. ಎಲ್ಲರಿಗೂ ಪೂರ್ತಿ ಅಂಕ ಬಂದಾಗ ಕಣ್ಣು ಮತ್ತೆ ಪತ್ರದ ಕಡೆಗೇ ಹೋಗುತ್ತದೆ.

ಇನ್ನು ದುಡ್ಡು. 1957ರ ವಿದೇಶಿ ವಿನಿಮಯದ ಬಿಕ್ಕಟ್ಟಿನ ನಂತರ ಡಾಲರ್ ಅನ್ನೋದು ನಮ್ಮಲ್ಲಿ ಕೇಸರಿಯಂತೆ ತೂಕ ಮಾಡಿ ಕೊಡುವ ವಸ್ತುವಾಯಿತು. 1960ರ ದಶಕದ ಕೊನೆಯಲ್ಲಿ ವಿಮಾನ ಹತ್ತಿದವರು ಈಗಲೂ 'ಜೇಬಲ್ಲಿ ಎಂಟು ಡಾಲರ್' ಅಂತ ಕಥೆ ಹೇಳುತ್ತಾರೆ. ಅದು ಉತ್ಪ್ರೇಕ್ಷೆ ಅಲ್ಲ, ಆಗ ಕೊಡುತ್ತಿದ್ದುದೇ ಅಷ್ಟು. ಓದಿಗೆ ಹೆಚ್ಚು ಬೇಕಾದರೆ ರಿಸರ್ವ್ ಬ್ಯಾಂಕಿನ ಅನುಮತಿ. ಹಾಗಾಗಿ ಸೀಟು ಸಿಕ್ಕರೆ ಸಾಲದು, ಅಲ್ಲಿಯೇ ಸಂಬಳ ಸಿಗುವ ಅಸಿಸ್ಟೆಂಟ್‌ಶಿಪ್ ಸಿಗಬೇಕು. ಅಂಬೇಡ್ಕರರ ಕಾಲದ ಮಹಾರಾಜರ ಕೆಲಸವನ್ನು ಈಗ ಆ ವಿಶ್ವವಿದ್ಯಾಲಯವೇ ಮಾಡಬೇಕಿತ್ತು. ದುಡ್ಡು ಕೊಟ್ಟು ಕರೆಸಿಕೊಳ್ಳುವವರು ಗೊತ್ತಿಲ್ಲದವರನ್ನು ಯಾಕೆ ಕರೆಯುತ್ತಾರೆ ಹೇಳಿ?

ಇಲ್ಲೇ ದೆಹಲಿ ಸ್ಕೂಲ್, ಕಲ್ಕತ್ತೆಯ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ಗಳ ಮಹತ್ವ ಬರುವುದು. ನಮ್ಮ ಶೇಕಡಾ 62 ಒಬ್ಬ ಅಮೆರಿಕನ್ನನಿಗೆ ಫೇಲಿನ ಹಾಗೆ ಕಾಣುತ್ತದೆ. ಅದು ಫಸ್ಟ್ ಕ್ಲಾಸ್, ಆ ವರ್ಷ ಮೂರೇ ಜನಕ್ಕೆ ಬಂದದ್ದು ಅಂತ ಯಾರಾದರೂ ಬಿಡಿಸಿ ಹೇಳಬೇಕು. ಹೇಳುವವರ ಹೆಸರು ಅಲ್ಲಿ ಗೊತ್ತಿರಬೇಕು. ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನಿಂದ ಹೋದ ಟಿ.ಎನ್. ಶ್ರೀನಿವಾಸನ್ ಯೇಲ್‌ನಲ್ಲಿ 1962ರಲ್ಲಿ ಪಿಎಚ್.ಡಿ. ಪಡೆದು ಹಿಂತಿರುಗಿ ಪಾಠ ಮಾಡಿದರು, ಜಗದೀಶ್ ಭಗವತಿ ದೆಹಲಿಗೆ ಬಂದು ಪಾಠ ಮಾಡಿದರು. ಇಂಥವರ ಮುಂದೆ ಕೂತು ಕಲಿತವರಿಗೆ, ಇವನು ಹಿಂದೆ ನಾನು ಕಳಿಸಿದ ಹುಡುಗನಿಗಿಂತ ಒಂದು ಕೈ ಮೇಲು ಅಂತ ಬರೆದುಕೊಡುವವರು ಇದ್ದರು. ಆ ಒಂದು ವಾಕ್ಯಕ್ಕೆ ಎಷ್ಟು ಬೆಲೆ! ಮೊದಲು ಹೋದವನು ಚೆನ್ನಾಗಿ ಓದಿದರೆ ಎರಡನೆಯವನಿಗೆ ದಾರಿ, ಎರಡನೆಯವನಿಂದ ಮೂರನೆಯವನಿಗೆ. ನಮ್ಮೂರಿನ ಕೆರೆಯಂತೆ, ನೀರಿರುವ ಕೆರೆಗೇ ಕಾಲುವೆ ಬರುತ್ತದೆ. ನಮ್ಮ ಜಿಲ್ಲಾ ಕಾಲೇಜುಗಳಿಗೆ ಈ ಕಾಲುವೆ ಬರಲೇ ಇಲ್ಲ. ಧಾರವಾಡ, ಮೈಸೂರುಗಳಲ್ಲಿ ಒಳ್ಳೆಯ ಮೇಷ್ಟರು ಇರಲಿಲ್ಲ ಅಂತಲ್ಲ, ಅವರ ಅಕ್ಷರ ಅಲ್ಲಿ ಯಾರಿಗೂ ಗುರುತಿರಲಿಲ್ಲ ಅಷ್ಟೆ.

ಶಿಫಾರಸು ಪತ್ರದಲ್ಲಿ ಏನಿದೆ ಅನ್ನೋದಕ್ಕಿಂತ ಯಾರು ಬರೆದರು ಅನ್ನೋದು ದೊಡ್ಡದು ಅನ್ನೋದಕ್ಕೆ ಒಂದು ಪ್ರಸಿದ್ಧ ಉದಾಹರಣೆ ಇದೆ. ಅದು ವಿದೇಶಿ ವಿದ್ಯಾರ್ಥಿಯದ್ದಲ್ಲ, ಅರ್ಥಶಾಸ್ತ್ರ ವಿಭಾಗದ್ದೂ ಅಲ್ಲ, ಆದರೆ ಆ ಹುಡುಗನಿಗೆ 1994ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಜಾನ್ ನ್ಯಾಶ್. 1948ರಲ್ಲಿ ಪ್ರಿನ್ಸ್‌ಟನ್ನಿಗೆ ಅರ್ಜಿ ಹಾಕಿದಾಗ ಅವರ ಪ್ರೊಫೆಸರ್ ಡಫಿನ್ ಬರೆದ ಪತ್ರ ಮೂರೇ ವಾಕ್ಯದ್ದು. ಅರ್ಜಿ ಹಾಕಿದ್ದಾನೆ, ಹತ್ತೊಂಬತ್ತು ವರ್ಷ, ಗಣಿತದಲ್ಲಿ ಮೇಧಾವಿ. ಮುಗಿಯಿತು. ಸೀಟು ಸಿಕ್ಕಿತು.

* * *

ನನಗೆ ಸಿಕ್ಕಿದ ಪತ್ರವೂ ನಾಲ್ಕೇ ಸಾಲಿನದು.

2003ರ ಮಾತು. ನಾನು ಪಿಯುಸಿ ಆರ್ಟ್ಸ್, ಆಮೇಲೆ ಎಚ್‌ಇಪಿ, ಅಂದರೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ. ಎಸ್ಸೆಸ್ಸೆಲ್ಸಿ ಆದ ಮೇಲೆ ಗಣಿತದ ಮುಖ ನೋಡಿರಲಿಲ್ಲ. ಎಂ.ಎ. ಮಾಡುವಾಗ ಹಾಸ್ಟೆಲಿನಲ್ಲಿ ಆಲ್ಫಾ ಚಿಯಾಂಗ್ ಅವರ ಗಣಿತದ ಪುಸ್ತಕದ ಜೆರಾಕ್ಸ್ ಸಿಕ್ಕಿತು. ಕಲನಶಾಸ್ತ್ರ ಅಂದರೇನು ಅಂತ ಗೊತ್ತಾಗಿದ್ದು ಇಪ್ಪತ್ತೆರಡನೇ ವಯಸ್ಸಿನಲ್ಲಿ, ಆ ಮಸುಕು ಪುಟಗಳಿಂದ. ಅಮೆರಿಕದ ಪಿಎಚ್.ಡಿ. ತರಗತಿ ಮೊದಲ ದಿನದಿಂದಲೇ ಗಣಿತ ಅನ್ನೋದು ನನಗೆ ಗೊತ್ತಿರಲಿಲ್ಲ. ಅಂದ ಹಾಗೆ 1987ರಲ್ಲಿ ಕೊಲಾಂಡರ್ ಮತ್ತು ಕ್ಲಾಮರ್ ಎಂಬಿಬ್ಬರು ಅಲ್ಲಿನ ಆರು ದೊಡ್ಡ ವಿಭಾಗಗಳ ವಿದ್ಯಾರ್ಥಿಗಳ ಸಮೀಕ್ಷೆಯೊಂದನ್ನು ಪ್ರಕಟಿಸಿದ್ದರು. ಬೇಗ ಮೇಲೆ ಬರೋಕೆ ಆರ್ಥಿಕತೆಯ ಬಗ್ಗೆ ಚೆನ್ನಾಗಿ ತಿಳಿದಿರುವುದು ಬಹಳ ಮುಖ್ಯ ಅಂದವರು ಶೇ. 3, ಮುಖ್ಯವೇ ಅಲ್ಲ ಅಂದವರು ಶೇ. 68. ಇದನ್ನು ಆಗಲೇ ಓದಿದ್ದರೆ ನಾನು ಅರ್ಜಿಯ ಜೊತೆ ತೆಂಗಿನ ಆರ್ಥಿಕತೆ ಬಗ್ಗೆ ಮೂರು ಪುಟ ಬರೆದು ಕಳಿಸುತ್ತಿರಲಿಲ್ಲ!

ಆರು ಕಡೆ ಅರ್ಜಿ. ಒಂದೊಂದಕ್ಕೂ ಐವತ್ತರ ಆಸುಪಾಸು ಡಾಲರ್. ಡಾಲರಿನ ಡ್ರಾಫ್ಟ್ ಮಾಡಿಸೋಕೆ ಬ್ಯಾಂಕಿಗೆ ಹೋದರೆ ಅಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು, ಜಿಲ್ಲಾ ಕೇಂದ್ರದ ಶಾಖೆಗೆ ಹೋಗಿ ಅಂದರು. ಅಣ್ಣ ಕೊಬ್ಬರಿ ಮಾರಿದ ದುಡ್ಡು ಅದು. ಈಗಲೂ ನೆನೆದರೆ ಹೊಟ್ಟೆಯೊಳಗೆ ಏನೋ ಆಗುತ್ತದೆ.

ಪತ್ರಕ್ಕೆ ನನ್ನ ಮೇಷ್ಟರ ಬಳಿ ಹೋದೆ. ಒಳ್ಳೆಯವರು, ಚೆನ್ನಾಗಿ ಪಾಠ ಮಾಡುತ್ತಿದ್ದವರು. ಸಂತೋಷಪಟ್ಟು ಕಾಫಿ ಕೊಡಿಸಿ, ಕಾಲೇಜಿನ ಲೆಟರ್‌ಹೆಡ್ಡಿನಲ್ಲಿ ಬರೆದುಕೊಟ್ಟರು. ಇವನು ನಮ್ಮ ವಿದ್ಯಾರ್ಥಿ, ಮೂರು ವರ್ಷದಿಂದ ಬಲ್ಲೆ. ನಡತೆ ಉತ್ತಮ. ವಿಧೇಯ, ಸಮಯಪಾಲಕ. ಇವನಿಗೆ ಶುಭವಾಗಲಿ. ಕೆಳಗೆ ಗುಂಡು ಸೀಲು. ಆ ಆರು ಕವರುಗಳನ್ನು ಅಂಚೆಗೆ ಹಾಕಿದ ದಿನ ನಾನು ಅರ್ಧ ಅಮೆರಿಕಕ್ಕೆ ಹೋಗಿಬಿಟ್ಟಿದ್ದೆ.

ಐದು ಕಡೆಯಿಂದ ತೆಳು ಕವರು ಬಂತು. ಆ ಕಾಲದವರಿಗೆ ಗೊತ್ತು, ತೆಳು ಕವರು ಅಂದರೆ ಒಡೆಯುವುದೇ ಬೇಡ. ಆರನೆಯದು ಸೀಟು ಕೊಟ್ಟಿತು, ದುಡ್ಡು ಕೊಡಲಿಲ್ಲ. ಐ-20 ಬೇಕಿದ್ದರೆ ಮೊದಲ ವರ್ಷದ ಖರ್ಚು ಬ್ಯಾಂಕಿನಲ್ಲಿದೆ ಅಂತ ತೋರಿಸಬೇಕು. ಅಣ್ಣ ತೋಟ ಅಡ ಇಡೋಣ ಅಂದ. ಅಮ್ಮ ಏನೂ ಅನ್ನಲಿಲ್ಲ. ಎರಡು ದಿನ ಯೋಚಿಸಿ ನಾನೇ ಬೇಡ ಅಂದೆ.

ಬಹಳ ವರ್ಷ ಆ ಮೇಷ್ಟರ ಮೇಲೆ ಕೋಪ ಇತ್ತು. ನಡತೆ ಉತ್ತಮ ಅಂತೆ, ಸಮಯಪಾಲಕ ಅಂತೆ. ನಾನೇನು ಗುಮಾಸ್ತನ ಕೆಲಸಕ್ಕೆ ಹೋಗುತ್ತಿದ್ದೆನಾ? ಈಗ ಆ ಖುರ್ಚಿಯಲ್ಲಿ ನಾನು ಕೂತಿದ್ದೇನೆ. ಅವರು ಗೊತ್ತಿದ್ದದ್ದನ್ನೇ ಬರೆದಿದ್ದರು, ಅವರಿಗೆ ಗೊತ್ತಿದ್ದ ರೀತಿಯಲ್ಲೇ ಬರೆದಿದ್ದರು. ಅಲ್ಲಿನವರಿಗೆ ಬೇಕಾದದ್ದು ಇದಲ್ಲ ಅಂತ ಅವರಿಗೆ ಹೇಳುವವರು ಯಾರಿದ್ದರು? ನನಗೂ ಗೊತ್ತಿರಲಿಲ್ಲ, ಕೇಳಿದವನು ನಾನೇ. ನಾಲ್ಕು ವರ್ಷದ ಹಿಂದೆ ತೀರಿಕೊಂಡರು. ಇದನ್ನು ಅವರ ಹತ್ತಿರ ಮಾತಾಡಿರಲಿಲ್ಲ.

ಈಗ ಡಾಲರ್ ಡ್ರಾಫ್ಟಿನ ರಗಳೆ ಇಲ್ಲ, ಕಾರ್ಡು ಉಜ್ಜಿದರೆ ಆಯಿತು. ಚಿಯಾಂಗ್ ಪುಸ್ತಕದ ಜೆರಾಕ್ಸ್ ಬೇಡ, ಪಾಠಗಳು ಯೂಟ್ಯೂಬಿನಲ್ಲಿವೆ. ಆದರೆ ಒಂದು ಹೊಸ ಮೆಟ್ಟಿಲು ಬಂದಿದೆ, ಪ್ರಿ-ಡಾಕ್ ಅಂತ. ಪಿಎಚ್.ಡಿ.ಗೆ ಅರ್ಜಿ ಹಾಕುವ ಮುಂಚೆ ಒಂದೆರಡು ವರ್ಷ ಯಾವುದಾದರೂ ದೊಡ್ಡ ಪ್ರೊಫೆಸರ್ ಕೈಕೆಳಗೆ ದತ್ತಾಂಶದ ಕೆಲಸ ಮಾಡುವುದು. ಕಳೆದ ಹದಿನೈದು ವರ್ಷಗಳಲ್ಲಿ ಇದು ಬಹಳ ಬೆಳೆದಿದೆ. ಕೆಲಸ ಕಲಿಯಬಹುದು, ನಿಜ. ಆದರೆ ಕೊನೆಗೆ ಬೇಕಾದದ್ದು ಆ ಪ್ರೊಫೆಸರ್ ಬರೆಯುವ ಪತ್ರ. ಒಂದು ಪತ್ರಕ್ಕೆ ಎರಡು ವರ್ಷ ಅನ್ನಿ. ಭಾರತದಲ್ಲಿರುವವರಿಗೆ ಇದರ ಇನ್ನೊಂದು ರೂಪ ಇದೆ, ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೋ ಮೊದಲಾದವರು 2003ರಲ್ಲಿ ಕಟ್ಟಿದ ಜೆ-ಪಾಲ್‌ನಂಥ ಸಂಸ್ಥೆಗಳ ಸರ್ವೆ ಯೋಜನೆಗಳಲ್ಲಿ ಹಳ್ಳಿ ಹಳ್ಳಿ ಸುತ್ತುವ ಕೆಲಸ. ನನ್ನ ವಿದ್ಯಾರ್ಥಿನಿ ಮಾಡಿದ್ದು ಅಂಥದ್ದೇ ಒಂದು ಯೋಜನೆಯಲ್ಲಿ, ಎರಡು ವರ್ಷ. ಅವಳ ಮೊದಲ ಎರಡು ಪತ್ರ ಅಲ್ಲಿಂದ ಬಂದವು. ಅಂದರೆ ಅವಳ ಕಾಲುವೆಯನ್ನು ಅವಳೇ ತೋಡಿಕೊಂಡಿದ್ದಾಳೆ. ನನ್ನ ಪತ್ರ ಲೆಕ್ಕಕ್ಕೆ ಮೂರನೆಯದು. ಓದುತ್ತಾರೋ ಇಲ್ಲವೋ.

ವೀಸಾ ಕಥೆ ಬೇರೆ. 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆ ಆದಾಗ ಇನ್ನು ಚೆನ್ನೈ ರಾತ್ರಿ ರೈಲು ತಪ್ಪಿತು ಅಂತ ಹಿಗ್ಗಿದೆವು, ನೋಡಿದರೆ ಆಗ ವೀಸಾ ಕೆಲಸ ಅಲ್ಲಿ ಶುರುವೇ ಆಗಿರಲಿಲ್ಲ. ಅದೇ ವರ್ಷ ಮೇ ಕೊನೆಯಿಂದ ಸುಮಾರು ಮೂರು ವಾರ ವಿದ್ಯಾರ್ಥಿ ವೀಸಾದ ಹೊಸ ಸಂದರ್ಶನಗಳಿಗೆ ದಿನ ಕೊಡುವುದನ್ನೇ ನಿಲ್ಲಿಸಿದ್ದರು.

ಅದಿರಲಿ, ಕೊನೆಗೆ ಪತ್ರದಲ್ಲಿ ಏನು ಬರೆದೆ ಹೇಳಿಬಿಡುತ್ತೇನೆ. ಎರಡನೇ ಬಿ.ಎ. ಪಾಠದಲ್ಲಿ ನಾನೊಮ್ಮೆ, ನಫೆಡ್ ಖರೀದಿ ಕೇಂದ್ರ ತೆರೆದ ಕೂಡಲೇ ಎಪಿಎಂಸಿ ಹರಾಜಿನಲ್ಲಿ ಕೊಬ್ಬರಿ ಬೆಲೆ ಏರುತ್ತದೆ ಅಂತ ಬೋರ್ಡಿನ ಮೇಲೆ ಗೆರೆ ಎಳೆದು ತೋರಿಸಿದ್ದೆ. ಮರುವಾರ ಅವಳು ಒಂದು ನೋಟ್‌ಬುಕ್ ತಂದಳು. ಅವಳಪ್ಪ ಮಾರಿದ ಚೀಟಿಗಳು, ಪತ್ರಿಕೆಯಲ್ಲಿ ಬಂದ ಧಾರಣೆ, ಎರಡು ವರ್ಷದ್ದು, ದಿನಾಂಕವಾರು ಬರೆದಿದ್ದಳು. ಸಾರ್, ಬೆಲೆ ಏರೋದು ಕೇಂದ್ರ ತೆರೆದ ದಿನ ಅಲ್ಲ, ತೆರೀತಾರಂತೆ ಅಂತ ಸುದ್ದಿ ಬಂದ ದಿನ. ತೆರೆದ ಮೇಲೆ ಏನೂ ಆಗಲ್ಲ ನೋಡಿ, ಅಂದಳು. ನಿರೀಕ್ಷೆ ಅನ್ನೋ ಪದವನ್ನು ಅರ್ಥಶಾಸ್ತ್ರದಲ್ಲಿ ಅವಳು ಇನ್ನೂ ಓದಿರಲಿಲ್ಲ. ನಾನು ಒಪ್ಪಲಿಲ್ಲ, ಒಂದೂರಿನ ಲೆಕ್ಕ ಸಾಲದು ಅಂದೆ. ಅವಳು ಸುಮ್ಮನಾಗಲಿಲ್ಲ, ಪಕ್ಕದ ತಾಲೂಕಿನ ಧಾರಣೆ ತಂದಳು.

ಇಷ್ಟನ್ನೇ ಬರೆದೆ, ನನ್ನ ತಪ್ಪು ಗೆರೆಯ ಸಮೇತ. ಒಂದೂವರೆ ಪುಟ ಆಯಿತು. ವಿಧೇಯ ಅಂತ ಬರೆಯಲಿಲ್ಲ. ಹೋಲಿಕೆಯ ಪಟ್ಟಿಯಲ್ಲಿ ನೂರಕ್ಕೆ ಒಬ್ಬಳು ಅಂತ ಗುರುತು ಹಾಕಿದೆ, ಯಾವ ಗುಂಪು ಅನ್ನೋ ಕಡೆ 'ಇಪ್ಪತ್ತು ವರ್ಷದಲ್ಲಿ ನಾನು ಪಾಠ ಮಾಡಿದ ಎಲ್ಲರೂ' ಅಂತ ಬರೆದೆ. ಹಿಂದೆ ಹೋದವರ ಹೆಸರು ಕೇಳಿದ ಜಾಗವನ್ನು ಖಾಲಿ ಬಿಡೋಕೆ ಕಂಪ್ಯೂಟರ್ ಒಪ್ಪಲಿಲ್ಲ. 'ಇವಳೇ ಮೊದಲು' ಅಂತ ತುಂಬಿಸಿ ಒಂಬತ್ತು ಸಲ ಅಪ್‌ಲೋಡ್ ಮಾಡಿದೆ. ಕರೆಂಟು ಎರಡು ಸಲ ಹೋಯಿತು.

ಫೆಬ್ರವರಿ, ಮಾರ್ಚಿನಲ್ಲಿ ಉತ್ತರ ಬರುತ್ತವೆ. ಏಪ್ರಿಲ್ 15ರೊಳಗೆ ಸೀಟು ಸಿಕ್ಕವರು ಹೌದು, ಅಲ್ಲ ಹೇಳಬೇಕು ಅನ್ನೋದು ಅಲ್ಲಿನ ವಿಶ್ವವಿದ್ಯಾಲಯಗಳು ಒಪ್ಪಿಕೊಂಡ ಪದ್ಧತಿ. ವೇಯ್ಟ್ ಲಿಸ್ಟಿನವರಿಗೆ ಕೊನೆಯ ಎರಡು ದಿನದಲ್ಲೂ ಕರೆ ಬರುವುದುಂಟು. ಅಲ್ಲಿವರೆಗೆ ಅವಳೂ ಕಾಯಬೇಕು, ನಾನೂ ಕಾಯಬೇಕು. ನಿಮ್ಮಲ್ಲಿ ಯಾರಾದರೂ ಇಂಥ ಪತ್ರ ಬರೆದಿದ್ದರೆ, ಇಲ್ಲಾ ಅಲ್ಲಿ ಕೂತು ಓದಿದ್ದರೆ, ಮೂರನೇ ಪತ್ರವನ್ನು ನಿಜಕ್ಕೂ ತೆರೆದು ನೋಡುತ್ತಾರಾ ಅಂತ ಕೆಳಗೆ ಬರೆಯಿರಿ. ತೆರೆಯಲ್ಲ ಅಂತಾದರೆ ಮಾತ್ರ ಏಪ್ರಿಲ್ 15ರ ನಂತರ ಹೇಳಿ.